ಹಲ್ಲಿನ ಡಾಕ್ಟರ ಎಂಜಲು

ಪ್ರತಿಯೊಬ್ಬರಿಗೂ ಏನಾದರೊಂದು ಹೇಸಿಗೆ ಇದ್ದೇ ಇರುತ್ತದೆ. ಕೆಲವರಿಗೆ ಹಲ್ಲಿ, ಕೆಲವರಿಗೆ ಜಿರಲೆ, ಇನ್ನು ಕೆಲವರಿಗೆ ಹಾಲಿನ ಮೇಲಿನ ಕೆನೆ. ನನಗೆ ಎಂಜಲು. ಇದಕ್ಕೆ ಮಡಿ-ಮೈಲಿಗೆ ಕಾರಣವೆಂದು ತಿಳಿಯಬೇಡಿ. ನಮ್ಮದು ಗಾದಿಗನೂರಿನ ಒಕ್ಕಲುತನದ ಮನೆ. ಅಣ್ಣತಮ್ಮಂದಿರೆಲ್ಲ ಒಂದೇ ಗಂಗಾಳದಲ್ಲಿ ಕೈ ಹಾಕಿ ಉಂಡು ಬೆಳೆದವರು. ಅವರ ನಡುವೆ ನಾನೊಬ್ಬ ಹೇಗೋ ಹೀಗೆ ಹುಟ್ಟಿಬಿಟ್ಟೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುತ್ತೇನೆ, ಅರ್ಧ ನೀರು ಅಂಗಿ ಕುಡಿಯುತ್ತದೆ. ಸಂಡೂರಿನ ಗುಡ್ಡದಲ್ಲಿ ಅದಿರು ಕಂಪನಿಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಅಲ್ಲಿಯ ಕೆಂಪು ಧೂಳನ್ನು ದಿನವಿಡೀ ನುಂಗಲು ನನಗೆ ಯಾವ ತಕರಾರೂ ಇಲ್ಲ, ಏಕೆಂದರೆ ಧೂಳು ಯಾರ ಬಾಯಿಂದಲೂ ಬಂದದ್ದಲ್ಲ. ನನ್ನ ಮದುವೆಯಲ್ಲಿ ಗಂಡಹೆಂಡತಿ ಒಂದೇ ತಾಟಿನಲ್ಲಿ ಉಣ್ಣುವ ಶಾಸ್ತ್ರದ ಹೊತ್ತಿಗೆ ನನಗೆ ಸರಿಯಾಗಿ ಹೊಟ್ಟೆನೋವು ಬಂತು. ಮದುಮಗನಿಗೆ ಏನೋ ರೋಗವಿದೆಯೆಂದು ಬೀಗರ ಕಡೆಯವರು ಬಹಳ ದಿನ ಗುಸುಗುಸು ಮಾಡಿದರಂತೆ.

ಇಂಥವನ ಕೈ ಹಿಡಿದ ಗಿರಿಜಾ ಕಂಪ್ಲಿಯವಳು. ನಡೆಯುವುದಕ್ಕಿಂತ ಮೊದಲು ಹೊಳೆಯಲ್ಲಿ ಈಜು ಕಲಿತಳೆಂದು ಅವಳ ತವರಿನವರು ಹೇಳುತ್ತಾರೆ, ನಾನು ನಂಬುತ್ತೇನೆ. ಈಗ ಕಮಲಾಪುರದ ಶಾಲೆಯೊಂದರಲ್ಲಿ ಆಟದ ಟೀಚರು. ಮಕ್ಕಳನ್ನು ಪ್ರವಾಸಕ್ಕೆಂದು ಕರಾವಳಿಗೆ ಕರೆದುಕೊಂಡು ಹೋದವಳು ಅಲ್ಲಿ ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದನ್ನು ನೋಡಿ ಬಂದಳು. ಮುಂದಿನ ರಜೆಯಲ್ಲಿ ನಾವಿಬ್ಬರೂ ಕಲಿಯಲು ಹೋದೆವು. ಅವಳು ಆಸೆಯಿಂದ ಕಲಿತಳು, ನಾನು ಅವಳೊಬ್ಬಳನ್ನೇ ಕಳಿಸಲಾರದೆ ಕಲಿತೆ. ಅಲ್ಲಿ ಎಂಜಲಿನ ಪ್ರಶ್ನೆ ಏಳಲಿಲ್ಲ. ಗಾಳಿ ಎಳೆದುಕೊಳ್ಳುವ ಸಾಧನದ ತುದಿಗೆ ಹಲ್ಲಿನಿಂದ ಕಚ್ಚಿ ಹಿಡಿಯಲು ಒಂದು ರಬ್ಬರಿನ ಬಾಯಿ ಇರುತ್ತದೆ. ಕಲಿಯಲು ಸೇರಿದವರಿಗೆಲ್ಲ ಅದನ್ನು ಹೊಸದಾಗಿ ಉಡುಗೊರೆ ಕೊಟ್ಟಿದ್ದರು. ನಾನು ಹೆದರಿಕೆಯಲ್ಲಿ ಅದನ್ನು ಎಷ್ಟು ಕಚ್ಚಿದೆನೆಂದರೆ, ಕಲಿಕೆ ಮುಗಿಯುವಷ್ಟರಲ್ಲಿ ಅದರ ಅರ್ಧ ನನ್ನ ಹೊಟ್ಟೆಯಲ್ಲಿತ್ತು.

ಈ ವರ್ಷ ಅವಳು ದೊಡ್ಡದನ್ನೇ ಹಿಡಿದುಕೊಂಡು ಬಂದಳು. ಅಂಡಮಾನಿನಿಂದ ಹೊರಡುವ ಒಂದು ಹಡಗು. ಅದರಲ್ಲೇ ಊಟ, ಅದರಲ್ಲೇ ನಿದ್ದೆ, ಬೆಳಗಾದರೆ ಅಲ್ಲಿಂದಲೇ ನೀರಿಗೆ. ಜನವಸತಿ ಇಲ್ಲದ ದ್ವೀಪಗಳ ಕಡೆ ಹೋಗುವುದರಿಂದ ಒಂದು ಗುಂಡುಸೂಜಿ ಮರೆತರೂ ಕೊಳ್ಳಲು ಅಂಗಡಿ ಇರುವುದಿಲ್ಲ. ಸಲಕರಣೆಗಳನ್ನೆಲ್ಲ ನಾವೇ ಹೊಂದಿಸಿಕೊಂಡು ಹೋಗಬೇಕು. ಕೊಳ್ಳುವ ಮಾತು ದೂರ, ಬಾಡಿಗೆಗೆ ತರಬೇಕು.

ಬಾಡಿಗೆಯೆಂದರೆ ನಾವಿರುವ ಹೊಸಪೇಟೆಯಲ್ಲಿ ಹೊಸದೇನಲ್ಲ. ಶಾಮಿಯಾನ, ಅಡುಗೆ ಹಂಡೆ, ಮದುಮಗನ ಕೋಟು ಎಲ್ಲ ಸಿಗುತ್ತವೆ. ಹಂಪಿಗೆ ಬಂದವರು ಸೈಕಲ್ಲು ಬಾಡಿಗೆಗೆ ಹಿಡಿದು ಬಿಸಿಲಿನಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಆದರೆ ಅವುಗಳಲ್ಲಿ ಯಾವುದನ್ನೂ ಬಾಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ನಾನು ಹಿಂದೆಮುಂದೆ ನೋಡತೊಡಗಿದ್ದನ್ನು ಕಂಡು ಗಿರಿಜಾ ಹೇಳಿದಳು: "ನೋಡ್ರಿ, ನೀರಾಗ ಜೋಡಿ ಜೋಡಿನ ಇಳೀಬೇಕು. ನೀವು ಬರಂಗಿಲ್ಲಂದ್ರ ನನಗ ಯಾರರ ಗುರ್ತಿಲ್ಲದವ್ರನ್ನ ಜೋಡಿ ಹಾಕ್ತಾರ. ಆಮ್ಯಾಲ ಮಾರಿ ಸಣ್ಣ ಮಾಡ್ಕೊಂಡು ಕುಂದರಬ್ಯಾಡ್ರಿ."

ನಾನು ಆಗಲೇ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದೆ. ಸಮುದ್ರದ ತಳದಲ್ಲಿ ನನ್ನ ಹೆಂಡತಿಯ ಪಕ್ಕದಲ್ಲಿ ಬೇರೆ ಯಾರೋ ಇರುವುದನ್ನು ನೆನೆದರೆ ಸಹಿಸಲಾಗುತ್ತಿರಲಿಲ್ಲ. ಹೋಗಲೇಬೇಕು ಎಂದು ನಿಶ್ಚಯಿಸಿ, ನಾವು ಕಲಿತ ಊರಿನಲ್ಲಿ ಸಲಕರಣೆ ಬಾಡಿಗೆಗೆ ಕೊಡುವ ನಾಯ್ಕರಿಗೆ ಫೋನು ಮಾಡಿದೆ.

"ಅಡ್ಡಿಲ್ಲ ಸಾರ್, ಎಲ್ಲ ಉಂಟು, ಬಸ್ಸಿಗೆ ಹಾಕಿ ಕಳಿಸ್ತೇನೆ" ಎಂದರು. ನಮ್ಮಿಬ್ಬರ ಎತ್ತರ, ತೂಕ, ಚಪ್ಪಲಿಯ ಸೈಜು ಕೇಳಿದರು. ನಾನು ದನಿ ತಗ್ಗಿಸಿ, "ಆ ರಬ್ಬರಿನ ಬಾಯಿ ಯಾರ್ಯಾರ ಬಾಯಿಗೆ ಹೋಗಿರತೈತ್ರಿ?" ಎಂದೆ.

"ಅದ್ರ ಲೆಕ್ಕ ಯಾರು ಇಡ್ತಾರೆ ಮಾರಾಯ್ರೆ! ಔಷಧದ ನೀರಲ್ಲಿ ಅದ್ದಿ ತೊಳೀತೇವೆ." ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದರು: "ನಿಮ್ಗೆ ಕಳಿಸೋದನ್ನ ಹೋದ ವಾರ ಹುಬ್ಬಳ್ಳಿಯ ಹಲ್ಲಿನ ಡಾಕ್ಟ್ರೇ ತಕೊಂಡು ಹೋಗಿದ್ರು. ಅವ್ರಿಗಿಂತ ಕ್ಲೀನ್ ಬಾಯಿ ಬೇಕಾ ನಿಮ್ಗೆ?"

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನ್ನ ತಲೆ ಬೇರೆ ದಾರಿ ಹಿಡಿಯಿತು. ಹಲ್ಲಿನ ಡಾಕ್ಟರ ಬಾಯಿ ಸ್ವಚ್ಛವಿರಬಹುದು, ಅವರ ಕೈ? ಆ ಕೈ ಹುಬ್ಬಳ್ಳಿಯ ಎಷ್ಟು ಬಾಯಿಗಳಲ್ಲಿ ಓಡಾಡಿರಬೇಕು! ಅದೇ ಕೈಯಿಂದ ತಾನೆ ಅವರು ಆ ರಬ್ಬರನ್ನು ಬಾಯಿಗೆ ಇಟ್ಟುಕೊಂಡದ್ದು? ಕೊಳೆತ ದವಡೆ, ಊದಿದ ವಸಡು, ಅರ್ಧ ಕಿತ್ತ ಹಲ್ಲು ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಅಂದು ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದ್ದರೂ ನನಗೆ ಸೇರಲಿಲ್ಲ.

ಗಿರಿಜಾಗೆ ಹೇಳಿದರೆ ಅವಳು ನಕ್ಕು ನಕ್ಕು ಸುಸ್ತಾದಳು. "ಸಣ್ಣವ್ರಿದ್ದಾಗ ಪೆಪ್ಪರಮಿಂಟ್ ಅಂಗಿ ಚುಂಗಿನ್ಯಾಗ ಸುತ್ತಿ ಕಡದು ಹಂಚ್ಕೊಂತಿದ್ವಲ್ರಿ, ಗುಬ್ಬಿ ಎಂಜಲಾ ಅಂತ. ಇದನ್ನೂ ಹಂಗ ಅನ್ಕೊಳ್ರಿ. ಸಮುದ್ರದ ನೀರು ಅಡ್ಡ ಇರತೈತಿ."

ಗುಬ್ಬಿ ಎಂಜಲಿನಲ್ಲಿ ನನಗೆ ಬಾಲ್ಯದಲ್ಲೂ ನಂಬಿಕೆ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹೊಸ ರಬ್ಬರಿನ ಬಾಯಿಯೊಂದನ್ನು ತರಿಸಿದೆ. ನಾಯ್ಕರ ಚೀಲ ಬಸ್ ಸ್ಟ್ಯಾಂಡಿಗೆ ಬಂದ ದಿನವೇ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಡಾಕ್ಟರದ್ದನ್ನು ಕತ್ತರಿಸಿ ತೆಗೆದು ನನ್ನದನ್ನು ತೊಡಿಸಿದೆ. ಅದರ ಬುಡಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಇಕ್ಕಳದಿಂದ ಜಗ್ಗಿ ಬಿಗಿಯಬೇಕು. ಇಕ್ಕಳ ಮನೆಯಲ್ಲಿತ್ತು, ಆದರೆ ಅದರಿಂದ ಬಚ್ಚಲಿನ ಪೈಪಿನಲ್ಲಿ ಸಿಕ್ಕಿದ್ದ ಕೂದಲು ತೆಗೆದಿದ್ದೆವು. ಅದನ್ನು ನನ್ನ ಹೊಸ ಬಾಯಿಯ ಹತ್ತಿರ ತರುವುದುಂಟೆ? ಕೈಯಿಂದಲೇ ಜಗ್ಗಿದೆ. "ನಾಯ್ಕರಿಗೆ ಒಂದು ಮಾತು ಕೇಳ್ರಿ" ಎಂದಳು ಗಿರಿಜಾ. ಬಿಗಿಯಾಗಿದೆ ಎಂದೆ.

ಈ ಸಾಧನದ ಜೊತೆಗೆ, ಅದೇ ಸಿಲಿಂಡರಿನಿಂದ ಗಾಳಿ ಕೊಡುವ ಇನ್ನೊಂದು ಬದಲಿ ಬಾಯಿಯೂ ಇರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು. ನಾನು ಹೊಸದನ್ನು ತರಿಸಿದ್ದು ಒಂದೇ. ಆದ್ದರಿಂದ ಹಡಗಿನ ಮೇಲೆ ಗೈಡ್ ಬಂದು ಎಲ್ಲವನ್ನೂ ಪರೀಕ್ಷಿಸಿ ಆ ಕಡೆ ತಿರುಗಿದ ಮೇಲೆ, ಡಾಕ್ಟರು ಮುಟ್ಟಿರಬಹುದಾದ ಆ ಬದಲಿ ಬಾಯಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಸುತ್ತಿಬಿಡುತ್ತಿದ್ದೆ. ಅದು ಎದೆಯ ಮೇಲೆ ತೂಗಾಡುವಾಗ ನನಗೆ ಮೈಯೆಲ್ಲ ಎಚ್ಚರ.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಬೆಳಿಗ್ಗೆ, ಸಾಕಷ್ಟು ಆಳದಲ್ಲಿ, ನಮ್ಮ ಮನೆಯ ಒಲೆಯಷ್ಟು ದೊಡ್ಡ ಆಮೆಯೊಂದು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಅದನ್ನು ಗಿರಿಜಾಗೆ ತೋರಿಸೋಣವೆಂದು ಥಟ್ಟನೆ ತಲೆ ತಿರುಗಿಸಿದೆ. ಬಾಯಲ್ಲಿ ಕಚ್ಚಿದ್ದ ರಬ್ಬರು ಬಾಯಲ್ಲೇ ಉಳಿಯಿತು, ಸಾಧನ ಕಳಚಿಕೊಂಡು ಹಿಂದಕ್ಕೆ ಹೋಯಿತು. ನನ್ನ ಹಲ್ಲಿನ ನಡುವೆ ಶುದ್ಧವಾದ, ಸ್ವಂತದ, ಯಾರೂ ಮುಟ್ಟದ ವಸ್ತು ಇತ್ತು. ಗಾಳಿ ಮಾತ್ರ ಇರಲಿಲ್ಲ.

ಉಪ್ಪುನೀರು ಬಾಯಿಗೆ ನುಗ್ಗಿತು. ಎದೆಯ ಮೇಲಿನ ಬದಲಿಗೆ ಕೈ ಹಾಕಿದರೆ ಪ್ಲಾಸ್ಟಿಕ್ ಜಾರುತ್ತದೆ, ರಬ್ಬರ್ ಬ್ಯಾಂಡ್ ಸಿಗುವುದಿಲ್ಲ. ಸತ್ತೆ ಅಂದುಕೊಂಡೆ. ಅಷ್ಟರಲ್ಲಿ ಯಾರೋ ನನ್ನ ಭುಜ ಹಿಡಿದರು. ಗಿರಿಜಾ. ತನ್ನ ಬಾಯಲ್ಲಿದ್ದದ್ದನ್ನೇ ಕಿತ್ತು, ನನ್ನ ರಬ್ಬರನ್ನು ಒಂದು ಕಡೆ ಎಸೆದು, ನನ್ನ ಬಾಯಿಗೆ ತುರುಕಿದಳು. ತನ್ನ ಬದಲಿಯನ್ನು ತಾನು ಕಚ್ಚಿಕೊಂಡಳು. ಅವಳ ಹಲ್ಲಿನ ಬಿಸಿ ಇನ್ನೂ ಆರದ ಆ ರಬ್ಬರನ್ನು ಕಚ್ಚಿ ನಾನು ಗಾಳಿ ಎಳೆದುಕೊಂಡೆ. ಅಷ್ಟು ರುಚಿಯಾದದ್ದನ್ನು ಹುಟ್ಟಿದಾಗಿನಿಂದ ತಿಂದಿಲ್ಲ, ಕುಡಿದಿಲ್ಲ. ಅವಳು ನನ್ನ ಸಿಲಿಂಡರಿನ ಪಟ್ಟಿ ಬಿಡದೆ, ಕಣ್ಣಿಗೆ ಕಣ್ಣು ಕೊಟ್ಟು, ನಿಧಾನವಾಗಿ ಮೇಲಕ್ಕೆ ಕರೆದುಕೊಂಡು ಬಂದಳು.

ಹಡಗಿನ ಮೇಲೆ ಗೈಡ್ ಆ ಪ್ಲಾಸ್ಟಿಕ್ ಚೀಲವನ್ನು ನೋಡಿ ತನ್ನ ಭಾಷೆಯಲ್ಲಿ ಬಯ್ದ. ನನಗೆ ಭಾಷೆ ಬಾರದಿದ್ದರೂ ಒಂದು ಮಾತೂ ತಪ್ಪದೆ ತಿಳಿಯಿತು. ಗಿರಿಜಾ ಬಯ್ಯಲಿಲ್ಲ. ಟವೆಲ್ ಹೊದ್ದು ಮೂಲೆಯಲ್ಲಿ ಕುಳಿತಿದ್ದಳು. "ನಿಮಗೇನರ ಆಗಿದ್ರ ನಾ ಯಾರ ಮ್ಯಾಲ ಸಿಟ್ಟು ಮಾಡ್ಲಿ?" ಎಂದಳು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅವಳು ನನ್ನ ಚೊಂಬು, ನನ್ನ ತಾಟು, ನನ್ನ ಚಮಚೆ ಬೇರೆ ಇಟ್ಟು, ಒಂದು ದಿನವೂ ಬೇಸರಿಸದೆ ನನ್ನನ್ನು ಸಹಿಸಿಕೊಂಡು ಬಂದಿದ್ದಾಳೆ. ಅವಳ ಋಣ ದೊಡ್ಡದು. ನಾಯ್ಕರ ಋಣವೂ ಇದೆ. ಅವರ ಬಾಡಿಗೆಯ ವಸ್ತುಗಳಲ್ಲಿ ಒಂದೂ ಕೈಕೊಡಲಿಲ್ಲ, ಕೈಕೊಟ್ಟದ್ದು ನನ್ನ ಸ್ವಂತದ್ದು. ಉಳಿದ ದಿನಗಳೆಲ್ಲ ಆ ಬದಲಿಯನ್ನೇ ಚೀಲ ಬಿಚ್ಚಿ ಬಾಯಿಗಿಟ್ಟುಕೊಂಡು ಇಳಿದೆ. ಹುಬ್ಬಳ್ಳಿಯ ಆ ಡಾಕ್ಟರು ಎಲ್ಲೇ ಇರಲಿ, ಅವರೂ ಅವರ ಪೇಶೆಂಟುಗಳೂ ಚೆನ್ನಾಗಿರಲಿ.

ಆಮೆ ಕಂಡ ದಿನದ ಸಂಜೆ ಇಬ್ಬರೂ ಹಡಗಿನ ಅಂಚಿನಲ್ಲಿ ಕುಳಿತಿದ್ದೆವು. ಗಿರಿಜಾ ಚಹಾದ ಕಪ್ಪನ್ನು ಅರ್ಧ ಕುಡಿದು ಪಕ್ಕದಲ್ಲಿಟ್ಟು ಕಡಲು ನೋಡುತ್ತಿದ್ದಳು. ನನ್ನ ಹೃದಯ ತುಂಬಿ ಬಂದಿತ್ತು. ನಾನು ಬದಲಾಗಿದ್ದೇನೆಂದು ಬಾಯಿಬಿಟ್ಟು ಹೇಳುವುದಕ್ಕಿಂತ ತೋರಿಸುವುದೇ ಮೇಲೆಂದು, ಆ ಕಪ್ಪನ್ನು ಎತ್ತಿ, ಅವಳು ಕುಡಿದ ಅಂಚಿಗೇ ತುಟಿ ಹಚ್ಚಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ವಿನಯದಿಂದ ಅವಳ ಕೈಗೆ ಕೊಟ್ಟೆ.

ಅವಳು ಕಪ್ಪನ್ನು ನೋಡಿದಳು. ನನ್ನನ್ನು ನೋಡಿದಳು. ಮೂಗು ಮುರಿದಳು.

"ಅಯ್ಯ, ಬಾಯಿ ಹಚ್ಚಿಬಿಟ್ರಲ್ರಿ! ಅದನ್ನ ನೀವ ಕುಡೀರಿ. ನಿಮ್ಮ ಸಂಗಾಟ ಇದ್ದೂ ಇದ್ದೂ ನನಗೂ ಈಗ ಎಂಜಲಾ ಅಂದ್ರ ಆಗಂಗಿಲ್ಲ."

ನಾನು ಎದ್ದು, ಅವಳಿಗೆ ಬೇರೆ ಚಹಾ ತರಲು ಹೋದೆ.