ಕೈಪಿಡಿಯಿಂದ ಕಿತ್ತುಹಾಕಿದ ಆಷಾಢ

ನಾನು ಹುಟ್ಟಿ ಬೆಳೆದ ಊರಿನಲ್ಲಿ ಹೇಗೆ ಬದುಕಬೇಕು ಎಂಬುದನ್ನು ಹೊರದೇಶದಿಂದ ಬಂದವರಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುವವಳು ನಾನು. ಹೀಗೊಂದು ಉದ್ಯೋಗ ಇದೆ ಎಂಬುದನ್ನು ನಮ್ಮ ನೆಂಟರು ಇನ್ನೂ ಪೂರ್ತಿ ನಂಬಿಲ್ಲ. "ಅದಕ್ಕೂ ದುಡ್ಡು ಕೊಡ್ತಾರೇನೇ? ನಾವು ಹನುಮಂತನಗರದಲ್ಲಿ ಕೂತ್ಕೊಂಡು ಇಷ್ಟು ವರ್ಷ ಎಲ್ಲರಿಗೂ ಪುಕ್ಕಟೆ ಹೇಳಿದ್ದೆಲ್ಲ ದಂಡ ಆಯ್ತಲ್ಲ" ಎಂದು ಚಿಕ್ಕಮ್ಮ ನೊಂದುಕೊಂಡಿದ್ದರು. ಚಿಕ್ಕಮ್ಮನ ನೋವು ನನಗೆ ಅರ್ಥವಾಗುತ್ತದೆ. ಆದರೆ ಸುಮ್ಮನೆ ಸಲಹೆ ಕೊಡುವುದಕ್ಕೂ ಆಧಾರಸಹಿತ ಸಲಹೆ ಕೊಡುವುದಕ್ಕೂ ವ್ಯತ್ಯಾಸವಿದೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಗಂಟೆ ಬಾರಿಸುವಷ್ಟರಲ್ಲಿ ಎದುರಾಳಿ ನೀರು ಕುಡಿಯುತ್ತಿರಬೇಕು. ಗೆದ್ದ ಕಪ್ಪುಗಳನ್ನೆಲ್ಲ ಅಮ್ಮ ಷೋಕೇಸಿನಲ್ಲಿ ಸಾಲಾಗಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅವುಗಳ ಧೂಳು ಒರೆಸುತ್ತಾ, "ಇಷ್ಟು ಕಪ್ಪು ಗೆದ್ದಿದ್ದಾಳೆ, ಮನೇಲಿ ಒಂದು ಸಲ ಸೋತಿದ್ರೆ ಪುಣ್ಯ ಬರ್ತಿತ್ತು" ಎನ್ನುತ್ತಾರೆ. ಮನೆಯಲ್ಲಿ ನನ್ನ ಹೆಸರು ಲಾಯರಮ್ಮ. ನಾನು ಓದಿದ್ದು ಕಾನೂನಲ್ಲ ಎಂದು ಎಷ್ಟು ವಾದಿಸಿದರೂ ಆ ಹೆಸರು ಹೋಗಲಿಲ್ಲ. ಬಹುಶಃ ವಾದಿಸಿದ್ದರಿಂದಲೇ ಹೋಗಲಿಲ್ಲ.

ಬಿಟಿಎಂ ಲೇಔಟಿನ ಎರಡನೇ ಮಹಡಿಯಲ್ಲಿರುವ ನಮ್ಮ ಪುಟ್ಟ ಕಚೇರಿಯ ಕೆಲಸ ಇಷ್ಟೆ. ಬೇರೆ ಬೇರೆ ಕಂಪನಿಗಳಿಗೆ ಬರುವ ಹೊರದೇಶದವರಿಗೆ ಮನೆ ಹುಡುಕಿಕೊಟ್ಟು, ಶಾಲೆ, ಗ್ಯಾಸು, ಸಿಮ್ಮು ಮಾಡಿಸಿಕೊಟ್ಟು, ಕೈಗೊಂದು 'ಹೊಸಬರ ಕೈಪಿಡಿ' ಕೊಡುವುದು. ಆ ಕೈಪಿಡಿಯನ್ನು ಪರಿಷ್ಕರಿಸಿದವಳು ನಾನು. ಇದರ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚಿಡುವುದೇಕೆ? ಆಟೊದವರು ಬರಲ್ಲ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರು ನಮಗೂ ಹಾಗೇ ಅನ್ನುತ್ತಾರೆ. ವಿಳಾಸ ಕೇಳಿದಾಗ ಜನ ಎಂದೋ ಕೆಡವಿಹಾಕಿದ ಟಾಕೀಸಿನ ಗುರುತು ಹೇಳಿದರೆ ಗಾಬರಿಯಾಗಬೇಡಿ, ಅದು ಅವರಿಗೆ ಇನ್ನೂ ಕಾಣುತ್ತಿರುತ್ತದೆ. ಗೊಟ್ಟಿಗೆರೆ ಇಲ್ಲೇ ಹತ್ತು ನಿಮಿಷ ಎಂದು ಬ್ರೋಕರ್ ಹೇಳಿದರೆ, ಸಂಜೆ ಆರು ಗಂಟೆಗೆ ಒಮ್ಮೆ ಹೋಗಿ ನೋಡಿ ಆಮೇಲೆ ನಂಬಿ. ಯಾರ ಮನೆಗೆ ಹೋದರೂ ಕಾಫಿ ಬೇಡ ಅನ್ನಬೇಡಿ, ಅಂದರೆ ಜ್ಯೂಸು ಬರುತ್ತದೆ. ಇಂಥ ಒಂದೊಂದು ಸಾಲನ್ನೂ ನಾನೇ ಪರೀಕ್ಷಿಸಿ ಬರೆದದ್ದು. ಪ್ರಪಂಚದ ಯಾವ ಊರಿಗೂ ಇಂಥದೊಂದು ಕೈಪಿಡಿ ಇರಲಾರದು, ಏಕೆಂದರೆ ಇದು ಬೇಕಾಗುವ ಊರು ನಮ್ಮದೊಂದೇ.

ಹಳೆಯ ಕೈಪಿಡಿಯಲ್ಲಿ, ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಬರೆದ ಒಂದು ಪುಟ ಇತ್ತು: ಆಷಾಢ ಮಾಸದಲ್ಲಿ ಇಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಮಾಲೀಕರು ಹೊಸ ಬಾಡಿಗೆಯವರನ್ನು ಸೇರಿಸಿಕೊಳ್ಳುವುದಿಲ್ಲ, ಅದನ್ನು ನೋಡಿಕೊಂಡು ಬನ್ನಿ ಎಂದು. ನಾನು ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಆಧಾರ ಏನು?' ಎಂದು ಬರೆದೆ. ಆಧಾರ ಕೊಡಬೇಕಾದವರು ಕೆಲಸ ಬಿಟ್ಟು ಹೋಗಿದ್ದರಿಂದ ಪುಟವನ್ನು ಕಿತ್ತುಹಾಕಿದೆ. ಅಮ್ಮನಿಗೆ ಇದನ್ನು ಹೇಳಿದಾಗ, ಅದೊಂದು ಇದ್ದಿದ್ದರೆ ಯಾರಿಗೆ ಏನು ಭಾರ ಆಗುತ್ತಿತ್ತು ಎಂದಿದ್ದರು. ಭಾರದ ಪ್ರಶ್ನೆಯಲ್ಲ, ತತ್ತ್ವದ ಪ್ರಶ್ನೆ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಖಾಲಿಯಾದ ಜಾಗದಲ್ಲಿ ನನ್ನ ಸ್ವಂತ ಸಂಶೋಧನೆ ಹಾಕಿದೆ. ಎರಡು ವರ್ಷ ಸ್ಕೂಟರಿನಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ ಸುತ್ತಿ ಟು ಲೆಟ್ ಬೋರ್ಡುಗಳನ್ನು ನಾನೇ ಎಣಿಸಿದ್ದೆ. ಜುಲೈ ತಿಂಗಳಲ್ಲಿ ಬೋರ್ಡುಗಳು ಎಲ್ಲ ತಿಂಗಳಿಗಿಂತ ಹೆಚ್ಚು. ಆದ್ದರಿಂದ ಬರೆದೆ: 'ಜುಲೈನಲ್ಲಿ ಬನ್ನಿ. ಖಾಲಿ ಮನೆಗಳು ಹೇರಳ, ಆಯ್ಕೆ ನಿಮ್ಮದು.' ಆ ಮನೆಗಳು ಏಕೆ ಖಾಲಿ ಇವೆ ಎಂದು ಯೋಚಿಸಲಿಲ್ಲ. ಕಣ್ಣೆದುರಿಗೆ ಅಂಕಿ ಇದ್ದಾಗ ಕಾರಣ ಯಾರಿಗೆ ಬೇಕು?

ನನ್ನ ಮಾತನ್ನು ನಂಬಿ ಜುಲೈನಲ್ಲಿ ಬಂದಿಳಿದವಳು ನೈರೋಬಿಯ ವಂಜೀರು. ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿ ಅವಳಿಗೆ ಎರಡು ವರ್ಷದ ಕೆಲಸ. ಕೈಪಿಡಿಯನ್ನು ಪರೀಕ್ಷೆಗೆ ಓದುವ ಹಾಗೆ ಓದಿ, ಬದಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಬಂದಿದ್ದಳು. ನೋಡಿದ ಕೂಡಲೇ ಇವಳು ನನ್ನ ಜನ ಅನ್ನಿಸಿತು. ಕಂಪನಿಯ ಗೆಸ್ಟ್‌ಹೌಸು ಶನಿವಾರದವರೆಗೆ ಮಾತ್ರ. ಭಾನುವಾರ ಅವಳ ಏಳು ವರ್ಷದ ಮಗಳು ಅಮಾನಿ ತನ್ನ ಚಿಕ್ಕಮ್ಮನ ಜೊತೆ ಬರುವವಳಿದ್ದಳು. ಗಂಡನಿಗೆ ಅಲ್ಲಿಯ ಕೆಲಸ ಬಿಟ್ಟು ಬರಲು ಆಗಸ್ಟ್ ಆಗುತ್ತಿತ್ತು. ಅಮಾನಿ ಫೋನಿನಲ್ಲಿ ದಿನಾ ಕೇಳುತ್ತಿದ್ದದ್ದು ಒಂದೇ, ನಮ್ಮ ಮನೆ ಯಾವುದು ಎಂದು. ವಂಜೀರು ಹಿಂದಿನ ವಾರವಷ್ಟೇ ಜರಗನಹಳ್ಳಿಯ ಒಂದು ಮನೆಯ ಮೊದಲ ಮಹಡಿಯನ್ನು ನೋಡಿ, ನೀಲಿ ಗೇಟಿನ, ದೊಡ್ಡ ತಾರಸಿಯ ಫೋಟೋ ಕಳಿಸಿ, ಇದೇ ಎಂದುಬಿಟ್ಟಿದ್ದಳು. ಮಗಳು ಅಲ್ಲಿಂದಲೇ ತನ್ನ ಮಂಚದ ಜಾಗವನ್ನೂ ಗೊತ್ತುಮಾಡಿದ್ದಳು. ಮನೆ ತೋರಿಸಿದ ಬ್ರೋಕರ್ ಎಲ್ಲ ಹೇಳಿದ್ದ, ಆಷಾಢ ಒಂದನ್ನು ಬಿಟ್ಟು.

ಮನೆಯ ಮಾಲೀಕರು ಮುನಿರಾಜಪ್ಪ. ಈಗ ಅವರ ಬಾಡಿಗೆ ಮನೆಗಳಿರುವ ಜಾಗದಲ್ಲೇ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಕೀ ತೆಗೆದುಕೊಳ್ಳಲು ಬುಧವಾರ ಹೋದಾಗ ಅವರು ಬಹಳ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಡಿಸಿ, "ಮನೆ ನಿಮ್ದೇ ಅನ್ಕೊಳಿ ಮೇಡಂ. ಆಷಾಢ ಕಳೀಲಿ, ಶ್ರಾವಣದ ಮೊದಲ್ನೇ ಶುಕ್ರವಾರ ಹಾಲುಕ್ಕಿಸ್ಬಿಡಿ" ಎಂದರು. ಶ್ರಾವಣಕ್ಕೆ ಇನ್ನೂ ಮೂರೂವರೆ ವಾರ ಇತ್ತು. ವಂಜೀರುವಿಗೆ ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಕೈಪಿಡಿ ತೆಗೆದು, ಪುಟ ತಿರುವಿ, ಎಲ್ಲಿದೆ ಇದು ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಆದರೆ ಕೊಡುವ ಧೈರ್ಯ ಇರಲಿಲ್ಲ. ಆದ್ದರಿಂದ ಮುನಿರಾಜಪ್ಪನವರ ಕಡೆ ತಿರುಗಿದೆ.

ಒಂದು ಸಂಶಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಬುಧವಾರ, ಗುರುವಾರ ಎರಡು ದಿನ ನಾವು ಬೇರೆ ಮನೆಗಳನ್ನೂ ನೋಡಿದೆವು. ಫೋನಿನಲ್ಲಿ ಬನ್ನಿ ಬನ್ನಿ ಎಂದವರಿಗೆ ವಂಜೀರುವಿನ ಮುಖ ನೋಡಿದ ಮೇಲೆ ಆಷಾಢ ನೆನಪಾಯಿತು. ಕೆಲವರ ಆಷಾಢ ಪಂಚಾಂಗದಲ್ಲಿ ಇರುವುದಿಲ್ಲ, ಬಾಗಿಲಲ್ಲಿ ಇರುತ್ತದೆ. ಅದು ಅವಳಿಗೂ ಗೊತ್ತಾಯಿತು, ನಾನು ಅನುವಾದಿಸಬೇಕಾಗಲಿಲ್ಲ. ಮುನಿರಾಜಪ್ಪನವರೂ ಆ ಪೈಕಿಯೋ ಎಂದು ಅವರ ಪಕ್ಕದ ಪೋರ್ಶನ್ನಿನ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸಿದೆ. ಅದನ್ನೂ ಖಾಲಿ ಬಿಟ್ಟಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಇದೇ ಊರಿನ ಹುಡುಗನಿಗೂ ಶ್ರಾವಣಕ್ಕೇ ಬಾ ಎಂದಿದ್ದರಂತೆ. ಮನುಷ್ಯ ಪ್ರಾಮಾಣಿಕ. ಪ್ರಾಮಾಣಿಕ ಎದುರಾಳಿ ಸಿಗುವುದು ಅಪರೂಪ ಎಂದು ಗುರುವಾರ ಪೂರ್ತಿ ತಯಾರಿ ಮಾಡಿಕೊಂಡು ಹೋದೆ.

ಅವತ್ತು ನಾನು ಮಾಡಿದ ವಾದವನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಆಷಾಢ ಅಂದರೆ ಹೊಲದಲ್ಲಿ ಉಳುಮೆ, ಬಿತ್ತನೆಯ ಕಾಲ. ಆಗ ಮನೆ ಬದಲಿಸುವುದು, ಮದುವೆ ಮಾಡುವುದು ಎಂದು ಕೂತರೆ ಕೆಲಸ ಕೆಡುತ್ತದೆ ಎಂದು ಹಿರಿಯರು ಕಟ್ಟಳೆ ಮಾಡಿರಬೇಕು. ಈಗ ಹೊಲ ಎಲ್ಲಿದೆ? ಅಂಕಲ್ ಬಿತ್ತಿರುವುದೆಲ್ಲ ಕಾಂಕ್ರೀಟು, ಅದಕ್ಕೆ ಯಾವ ಮಾಸವಾದರೂ ಆದೀತು. ಇದು ಮೊದಲನೆಯ ಅಂಶ. ಎರಡನೆಯದು, ಆಷಾಢ ಅಷ್ಟು ಕೆಟ್ಟದ್ದಾದರೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಅಷ್ಟು ಜನ ಏಕೆ ಹತ್ತುತ್ತಾರೆ? ಮೂರನೆಯದು ಹೇಳುವಾಗ ನನ್ನ ತೋರುಬೆರಳು ತಾನಾಗಿ ಮೇಲೆ ಹೋಗಿತ್ತು, ವೇದಿಕೆಯ ಅಭ್ಯಾಸ. ಮುನಿರಾಜಪ್ಪ ಪ್ರತಿ ಅಂಶಕ್ಕೂ ತಲೆಯಾಡಿಸಿದರು. ಬೆಟ್ಟದ ವಿಚಾರ ಬಂದಾಗ ಮಾತ್ರ, ಅದು ದೇವರಿಗೆ ಒಳ್ಳೇ ತಿಂಗಳು, ನಮಗಲ್ಲ ಎಂದು ಸಣ್ಣದೊಂದು ತಿದ್ದುಪಡಿ ತಂದರು. ನಾನು ಮುಗಿಸಿದ ಮೇಲೆ, "ಸಖತ್ತಾಗ್ ಹೇಳಿದ್ರಿ ಮೇಡಂ. ನನ್ ಮೊಮ್ಮಗನ ಸ್ಕೂಲಲ್ಲಿ ಭಾಷಣ ಐತೆ, ಒಂಚೂರು ಹೇಳ್ಕೊಡಿ. ವಾದದಲ್ಲಿ ನೀವೇ ಗೆದ್ರಿ. ಕೀ ಮಾತ್ರ ಶ್ರಾವಣಕ್ಕೆ" ಎಂದರು. ಇಷ್ಟು ವರ್ಷಗಳ ಚರ್ಚಾಜೀವನದಲ್ಲಿ ಸೋಲನ್ನು ಒಪ್ಪಿಕೊಂಡು ಕಪ್ಪನ್ನು ಮನೆಗೆ ತೆಗೆದುಕೊಂಡು ಹೋದ ಎದುರಾಳಿಯನ್ನು ನಾನು ನೋಡಿರಲಿಲ್ಲ.

ಶುಕ್ರವಾರ ಮೂರನೆಯ ಸಲ ಹೋದೆವು. ಆಟೊ ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ವಂಜೀರು, ಮನೆ ಸಿಗುವವರೆಗೆ ಇರಬೇಕಾದ ಹೋಟೆಲಿನ ಹೆಸರನ್ನು ಮಗಳಿಗೆ ಹೇಳಿದೆನೆಂದೂ, ಅವಳು ಹೋಟೆಲಿಗೆ ತಾರಸಿ ಇದೆಯಾ ಎಂದು ಕೇಳಿ ಫೋನ್ ಇಟ್ಟಳೆಂದೂ ಹೇಳಿದಳು. ನನ್ನ ಬಳಿ ಹೊಸ ಅಂಶಗಳು ಐದು ಇದ್ದವು. ಅವುಗಳಲ್ಲಿ ಒಂದೂ ಆ ಮಾತಿಗೆ ಉತ್ತರವಾಗಿರಲಿಲ್ಲ.

ಅವತ್ತು ಮುನಿರಾಜಪ್ಪನವರ ಹೆಂಡತಿ ಲಕ್ಷ್ಮಮ್ಮನೂ ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ವಂಜೀರು ನನ್ನ ಮೊಣಕೈ ಮುಟ್ಟಿ, ಒಂದು ಪ್ರಶ್ನೆ ಕೇಳು ಎಂದಳು: ಈ ತಿಂಗಳಲ್ಲಿ ಯಾರ ಮನೆಗೂ ಯಾರೂ ಬರುವುದೇ ಇಲ್ಲವಾ? ನನಗೆ ಕಸಿವಿಸಿಯಾಯಿತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದು ಎಂಬುದು ಚರ್ಚೆಯ ಮೊದಲ ಪಾಠ. ಮನಸ್ಸಿಲ್ಲದ ಮನಸ್ಸಿನಿಂದ ಅನುವಾದಿಸಿದೆ.

ಲಕ್ಷ್ಮಮ್ಮ ತಲೆ ಎತ್ತದೆ ಹೇಳಿದರು. "ಯಾಕ್ ಬರಲ್ಲ? ಹೆಣ್ಮಕ್ಳು ಬರ್ತಾರಲ್ಲ. ಮದ್ವೆ ಆದ್ಮೇಲೆ ಆಷಾಢಕ್ಕೆ ತವರಿಗೆ ಬರೋದೇ. ನನ್ ಮಗ್ಳೂ ಬಂದು ತಿಂಗ್ಳು ಪೂರ್ತಿ ಮೇಲ್ಗಡೆ ಮನೇಲೇ ಇದ್ಲು."

ಇಷ್ಟು ಹೇಳುತ್ತಲೇ ಅವರ ಕೈ ಸೊಪ್ಪಿನಲ್ಲೇ ನಿಂತಿತು. ವಂಜೀರುವನ್ನು ಒಮ್ಮೆ ಪೂರ್ತಿಯಾಗಿ ನೋಡಿದರು. ಯಜಮಾನರು ಬಂದಿದ್ದಾರಾ ಎಂದು ನನ್ನನ್ನು ಕೇಳಿದರು. ಇಲ್ಲ, ಆಗಸ್ಟಿಗೆ ಎಂದೆ. ಮಗು? ಭಾನುವಾರ.

"ಗಂಡ ಅಲ್ಲಿ, ಇವ್ಳು ಮಗೂನ ಕಟ್ಕೊಂಡು ಇಲ್ಲಿ" ಎಂದರು ಲಕ್ಷ್ಮಮ್ಮ, ಗಂಡನ ಕಡೆ ತಿರುಗಿ. "ತವರಿಗೆ ಬರೋದು ಅಂದ್ರೆ ಇನ್ನೆಂಗ್ರೀ? ಬಾಡಿಗೆಯವ್ರು ಬರಬಾರ್ದು, ಸರಿ. ಮಗ್ಳು ಬರಬಾರ್ದು ಅಂತ ಯಾವ ಪಂಚಾಂಗದಲ್ಲಿ ಬರ್ದೈತೆ?"

ಮುನಿರಾಜಪ್ಪ ಗೋಡೆಯ ಕ್ಯಾಲೆಂಡರ್ ನೋಡಿದರು. "ಹಂಗಾದ್ರೆ ಶ್ರಾವಣದವರ್ಗೂ ಬಾಡಿಗೆ ಕೇಳಂಗಿಲ್ಲ."

"ಮಗಳತ್ರ ಕೇಳ್ತೀರಾ?"

"ಅಡ್ವಾನ್ಸು?"

ಲಕ್ಷ್ಮಮ್ಮ ಗಂಡನನ್ನು ದಿಟ್ಟಿಸಿದರು. ಆ ನೋಟವನ್ನು ಯಾವುದಾದರೂ ಚರ್ಚಾವೇದಿಕೆಯಲ್ಲಿ ಬಳಸಲು ಸಾಧ್ಯವಿದ್ದಿದ್ದರೆ ನಾನು ಇನ್ನೂ ನಾಲ್ಕು ಕಪ್ಪು ಗೆಲ್ಲುತ್ತಿದ್ದೆ. ಮುನಿರಾಜಪ್ಪ ಎದ್ದು ಕೀ ತರಲು ಒಳಗೆ ಹೊರಟರು.

ಆಗ ನಾನು ಏನು ಮಾಡಬೇಕಿತ್ತು? ಸುಮ್ಮನಿರಬೇಕಿತ್ತು. ಆದರೆ ಒಂದು ತರ್ಕದೋಷ ಕಣ್ಣೆದುರಿಗೇ ಹಾದುಹೋಗುತ್ತಿರುವಾಗ ಸುಮ್ಮನಿರುವ ಶಿಕ್ಷಣ ನನಗೆ ಯಾರೂ ಕೊಟ್ಟಿಲ್ಲ. "ಆದ್ರೆ ಆಂಟಿ" ಎಂದೆ, "ತವರಿಗೆ ಬರೋದು ಹೊಸದಾಗಿ ಮದ್ವೆ ಆದವ್ರಲ್ವಾ? ಇವ್ರಿಗೆ ಮದ್ವೆಯಾಗಿ ಆಗ್ಲೇ ಒಂಬತ್ತು..."

ಅಷ್ಟರಲ್ಲಿ ನನ್ನ ಬಲಗಾಲಿನ ಮೇಲೆ ಒಂದು ಹಿಮ್ಮಡಿ ಬಂದು ಕೂತಿತು. ಚಪ್ಪಲಿ ಹೊರಗೆ ಬಿಟ್ಟಿದ್ದರಿಂದ ಮೂಳೆ ಉಳಿಯಿತು. ವಂಜೀರುವಿಗೆ ಕನ್ನಡ ಒಂದಕ್ಷರ ಬಾರದು. ಆದರೆ ನನ್ನ ತೋರುಬೆರಳು ಮೇಲೇಳುವುದನ್ನು ಅವಳು ಆ ವಾರದಲ್ಲಿ ಸಾಕಷ್ಟು ಸಲ ನೋಡಿದ್ದಳು. ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು ಕಾಲಿನ ಮೇಲೆ ಭಾರ ಬಿಟ್ಟಳು. ಲಕ್ಷ್ಮಮ್ಮ ಏನಮ್ಮಾ ಒಂಬತ್ತು ಎಂದು ಕೇಳಿದರು. ಏನಿಲ್ಲ ಆಂಟಿ, ಒಂಬತ್ತು ಗಂಟೆಗೆ ಭಾನುವಾರ ಬರುತ್ತೇವೆ ಎಂದೆ. ನನ್ನ ಬದುಕಿನಲ್ಲಿ ಅರ್ಧಕ್ಕೆ ಕೈಬಿಟ್ಟ ಏಕೈಕ ಪ್ರತಿವಾದ ಅದು.

ಭಾನುವಾರ ಹಾಲುಕ್ಕಿಸಲಿಲ್ಲ, ಮಗಳು ತವರಿಗೆ ಬಂದರೆ ಯಾರೂ ಹಾಲುಕ್ಕಿಸುವುದಿಲ್ಲ. ಲಕ್ಷ್ಮಮ್ಮ ತಾಯಿಗೂ ಮಗುವಿಗೂ ಕುಂಕುಮ ಇಟ್ಟು, ಕೈಗೆ ಬಳೆ ತೊಡಿಸಿದರು. ಅಮಾನಿ ಬಳೆ ಸದ್ದು ಮಾಡುತ್ತಾ ಮೆಟ್ಟಿಲು ಹತ್ತಿ ತಾರಸಿಗೆ ಓಡಿದಳು. ವಂಜೀರು ಕೆಳಗೇ ನಿಂತು ಅವಳ ಹೆಜ್ಜೆ ಸದ್ದು ಕೇಳುತ್ತಿದ್ದಳು. ಆಮೇಲೆ ಮುಖ ತಿರುಗಿಸಿಕೊಂಡು ಸೂಟ್‌ಕೇಸಿನ ಬೀಗ ತೆಗೆಯುವುದರಲ್ಲಿ ಬಹಳ ಹೊತ್ತು ಕಳೆದಳು.

ಆಷಾಢದಲ್ಲಿ ನನಗೆ ಇವತ್ತಿಗೂ ನಂಬಿಕೆ ಇಲ್ಲ. ಬೇಕಿದ್ದರೆ ಬನ್ನಿ, ವಾದಿಸೋಣ. ಆದರೆ ನಮ್ಮ ಊರಿನ ಬಗ್ಗೆ ನನಗಿದ್ದ ಹೆಮ್ಮೆ ಅವತ್ತಿನಿಂದ ಸ್ವಲ್ಪ ಜಾಗ ಬದಲಾಯಿಸಿದೆ. ಮುಂಚೆ ಅದು ನನ್ನ ಕೈಪಿಡಿಯ ಸುತ್ತಮುತ್ತ ಇತ್ತು. ಈಗ, ಕಟ್ಟಳೆಯನ್ನು ಒಂದಿಷ್ಟೂ ಮುರಿಯದೆ ಅದರೊಳಗೇ ಒಬ್ಬಳು ಹೊಸಬಳಿಗೆ ಚಾಪೆ ಹಾಸಿದ ಜರಗನಹಳ್ಳಿಯ ಒಂದು ನಡುಮನೆಯಲ್ಲಿದೆ. ಕಾಲಿನ ನೋವು ಒಂದು ವಾರ ಇತ್ತು.

ಕೈಪಿಡಿಯ ಹೊಸ ಆವೃತ್ತಿಗೆ ಆಷಾಢದ ಪುಟವನ್ನು ನಾನೇ ಮತ್ತೆ ಬರೆದೆ. ಸರಿಯಾಗಿದೆಯೇ ನೋಡು ಎಂದು ವಂಜೀರುವಿಗೆ ಕಳಿಸಿದೆ. ಅವಳು ಎಲ್ಲ ಸರಿಯಾಗಿದೆ ಎಂದು, ಕೊನೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಸಾಲು ಸೇರಿಸಿದ್ದಳು: 'ಮನೆ ಮಾತಾಡಲು ಹೋಗುವಾಗ ಈ ಕೈಪಿಡಿ ಬರೆದವರನ್ನು ಆಟೊದಲ್ಲೇ ಕೂರಿಸಿ ಹೋಗಿ.' ಈ ಸಾಲನ್ನು ತೆಗೆಯಬೇಕು ಎಂಬುದಕ್ಕೆ ನಾನು ನಾಲ್ಕು ಬಲವಾದ ಕಾರಣಗಳನ್ನು ಅಂಶವಾರು ಬರೆದು ನಮ್ಮ ಮ್ಯಾನೇಜರ್‌ಗೆ ಕೊಟ್ಟೆ. ಕೈಪಿಡಿ ಕಳೆದ ವಾರ ಅಚ್ಚಾಗಿ ಬಂತು. ಸಾಲು ಹಾಗೇ ಇದೆ. ಅದರ ಕೆಳಗೆ, 'ಉದಾಹರಣೆಗೆ' ಎಂದು ಹಾಕಿ, ನನ್ನ ನಾಲ್ಕೂ ಕಾರಣಗಳನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿಸಿದ್ದಾರೆ.