ಸೂರು ನೋಡುವ ಭಾವನವರು

ನಮ್ಮ ಭಾವನವರು ದೇವರನ್ನು ಕಂಡವರಲ್ಲ. ನಾಸ್ತಿಕರೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಒಮಾನಿಗೆ ಬಂದ ಮೇಲೆ ನನಗಿಂತ ಹೆಚ್ಚು ಬಾರಿ ದೇವಸನ್ನಿಧಿಗೆ ಕಾಲಿಟ್ಟವರು ಅವರು. ಆದರೆ ಹೊಸ್ತಿಲು ದಾಟಿದೊಡನೆ ಅವರ ಕತ್ತು ಮೇಲಕ್ಕೆ ತಿರುಗುತ್ತದೆ. ಸೂರಿನಲ್ಲೊಂದು ಬಿರುಕು, ಬಿರುಕಿನ ಪಕ್ಕದಲ್ಲೊಂದು ನೀರಿನ ಕಲೆ, ಆ ನೀರು ಎಲ್ಲಿಂದ ಬಂತೆಂಬ ಜಿಜ್ಞಾಸೆ. ಇಷ್ಟು ಮುಗಿಯುವಾಗ ಮಂಗಳಾರತಿಯೂ ಮುಗಿದಿರುತ್ತದೆ. ಇನ್ನು ದೇವರನ್ನು ಕಾಣುವುದು ಯಾವಾಗ?

ಅವರು ನನ್ನ ತಂಗಿಯ ಗಂಡ, ಉಡುಪಿಯ ಕಡೆಯವರು. ಮೂವತ್ತು ವರ್ಷದಿಂದ ನಿಜ್ವಾದಲ್ಲಿ ಕಟ್ಟಡಗಳ ದುರಸ್ತಿಯ ಮೇಲ್ವಿಚಾರಣೆ ಅವರ ಉದ್ಯೋಗ. ನಾನು ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾಗಿ, ಮಸ್ಕತ್ತಿನ ಹೊರವಲಯದ ಅಲ್ ಹೈಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಒಮ್ಮೆ ಅವರನ್ನು ಮಸ್ಕತ್ತಿನ ದೇವಸ್ಥಾನಕ್ಕೆ ಕರೆದೊಯ್ದೆ. ಅರ್ಚಕರು ತೀರ್ಥ ಕೊಟ್ಟರು. ಇವರು ಮೇಲೆ ನೋಡುತ್ತಲೇ ಅಂಗೈ ಎತ್ತಿದರು. ತೀರ್ಥ ಅಂಗಿಗೆ ಪ್ರೋಕ್ಷಣೆಯಾಯಿತು.

"ಭಟ್ರೇ, ನಿಮ್ಮ ತಲೆಯ ಮೇಲಿನ ಫ್ಯಾನಿನ ಕೊಕ್ಕೆ ಸವೆದಿದೆ. ಇನ್ನೊಂದು ವರ್ಷ ಬರ್ಲಿಕ್ಕಿಲ್ಲ," ಎಂದರು.

ಆ ಬಳಿಕ ಮೂರು ತಿಂಗಳು ಅರ್ಚಕರು ದೇವರ ಎದುರಿನಿಂದ ಒಂದು ಮಾರು ಪಕ್ಕಕ್ಕೆ ಸರಿದು ಪೂಜೆ ಮಾಡಿದರು. ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೇ ಎಂದು ಭಕ್ತರು ನನ್ನನ್ನು ಕೇಳಿದ್ದೂ ಉಂಟು.

ಅವರಿಗೆ ಒಬ್ಬನೇ ಗೆಳೆಯ, ಬೆಂಜಮಿನ್. ಮೂಲ್ಕಿಯ ಪ್ರೊಟೆಸ್ಟೆಂಟ್ ಕ್ರೈಸ್ತ, ಪೈಪ್ ಫಿಟ್ಟರ್. ಬಂದ ಹೊಸತರಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಂಡವರು. ಊರಲ್ಲಿ ಬೆಂಜಮಿನ್‌ಗೆ ತನ್ನವರೆಂದು ಯಾರೂ ಉಳಿದಿರಲಿಲ್ಲ. ಇಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ಕ್ರೈಸ್ತರ ಭಾನುವಾರವೂ ಶುಕ್ರವಾರಕ್ಕೇ ಬಂದು ಕೂರುತ್ತದೆ. ಆ ದಿನ ಅವನು ನಿಜ್ವಾದಿಂದ ಒಂದೂವರೆ ಗಂಟೆಯ ದಾರಿ ಸವೆಸಿ ಮಸ್ಕತ್ತಿನ ಚರ್ಚಿಗೆ ಬರುತ್ತಿದ್ದ. ವಾಹನ ಭಾವನವರದು, ಹೀಗಾಗಿ ಚರ್ಚೂ ಅವರ ಪಾಲಿಗೆ ಬಂತು. ಒಂದು ಶುಕ್ರವಾರ ನನ್ನನ್ನೂ ಕರೆದರು.

ಆಂಗ್ಲಿಕನ್ ಪದ್ಧತಿಯ ಹಳೆಯ ಚರ್ಚು ಅದು, ಪೇಟೆಯ ಬೆನ್ನಿಗೆ ಆತುಕೊಂಡಂತಿದೆ. ದರ್ಜಿಗಳ ಸಾಲು, ಖರ್ಜೂರದ ಅಂಗಡಿ, ಮೊಬೈಲು ರಿಪೇರಿಯವನು, ಆಮೇಲೆ ತಟ್ಟನೆ ಮೌನ. ಒಳಗಿನ ಪದ್ಧತಿ ನನಗೆ ಹೊಸದು. ಒಂದೇ ಸಭಾಂಗಣವನ್ನು ಹಲವು ಭಾಷೆಯವರು ಗಂಟೆಯ ಲೆಕ್ಕದಲ್ಲಿ ಹಂಚಿಕೊಂಡಿದ್ದಾರೆ. ಮಲಯಾಳದವರು ಎದ್ದರೆ ತಮಿಳರು, ತಮಿಳರು ಎದ್ದರೆ ಉರ್ದುವಿನವರು. ಬಾಗಿಲಲ್ಲಿ ತೂಗುವ ಆ ವೇಳಾಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡಿಗರು ನಾಲ್ಕೈದು ಮಂದಿ, ಅವರಿಗೆಂದು ಗಂಟೆ ಎಲ್ಲಿಂದ ಬರಬೇಕು? ಬೆಂಜಮಿನ್ ತಮಿಳರ ನಡುವೆ ತನ್ನ ಕನ್ನಡ ಪ್ರಾರ್ಥನಾ ಪುಸ್ತಕ ಬಿಡಿಸಿ ಕೂರುತ್ತಿದ್ದ.

ಶ್ರದ್ಧೆಯ ಸ್ಥಳ ಯಾರದಾದರೇನು, ನಾನು ಕೈಮುಗಿದು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಪಿಸುಮಾತು ಆರಂಭವಾಯಿತು.

"ಎಂಜಿನಿಯರ್ರೇ, ಸ್ವಲ್ಪ ದೇವರ ಕಡೆ ನೋಡಿ," ಎಂದ ಬೆಂಜಮಿನ್. ಭಾವನವರು ಎಂಜಿನಿಯರಲ್ಲ, ಚುಚ್ಚಲಿಕ್ಕೆಂದೇ ಅವನು ಹಾಗೆ ಕರೆಯುವುದು.

"ದೇವರು ಗಟ್ಟಿ ಇದ್ದಾನೆ ಮಾರಾಯ. ಆ ಬೀಮ್ ನೋಡು."

"ನೂರು ಜನ ಪ್ರಾರ್ಥನೆ ಮಾಡ್ತಾ ಇದ್ದಾರೆ. ಬೀಳುದಿಲ್ಲ."

"ಪ್ರಾರ್ಥನೆಗೆ ಲೋಡ್ ಬೇರಿಂಗ್ ಇಲ್ಲ."

ಮುಂದಿನ ಸಾಲಿನ ತಮಿಳು ತಾಯಿಯೊಬ್ಬರು ತಿರುಗಿ ನೋಡಿದರು. ಭಾಷೆ ತಿಳಿಯದಿದ್ದರೂ ಇಬ್ಬರಲ್ಲಿ ಪಾಪಿ ಯಾರೆಂದು ಅವರಿಗೆ ತಿಳಿದಂತಿತ್ತು.

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನೂ ನಗುತ್ತ ಬರೆಯಬಲ್ಲೆನೆಂಬ ಭರವಸೆ ನನಗಿಲ್ಲ.

ಬೆಂಜಮಿನ್‌ಗೆ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ವೈದ್ಯರು ಹೇಳಿದ ಗಡುವಿಗಿಂತ ಮೊದಲೇ ಅವನು ಇಳಿದುಹೋದ. ನಾವು ನೋಡಲು ಹೋದ ಕೊನೆಯ ಮಧ್ಯಾಹ್ನ ಮುಖ ಅರಿಶಿನದಂತಾಗಿತ್ತು. ಭಾವನವರು ಹಾಸಿಗೆಯ ಪಕ್ಕ ನಿಂತು ಚಾವಣಿ ನೋಡುತ್ತಿದ್ದರು. ಅಂದು ಅಲ್ಲಿ ಬಿರುಕೊಂದೂ ಇರಲಿಲ್ಲವೆಂದು ನನಗೆ ಗೊತ್ತು.

"ಎಂಜಿನಿಯರ್ರೇ," ಎಂದ ಅವನು, "ನನ್ನನ್ನು ಇಲ್ಲಿಯೇ ಮಣ್ಣು ಮಾಡಿ. ಊರಲ್ಲಿ ಯಾರಿದ್ದಾರೆ? ಆದ್ರೆ ಪ್ರಾರ್ಥನೆ ಕನ್ನಡದಲ್ಲಿ ಆಗ್ಬೇಕು. ಜೀವಮಾನ ಇಡೀ ತಮಿಳಲ್ಲಿ ಕೇಳಿದ್ದೇನೆ, ಅರ್ಧ ಅರ್ಥ ಆಗ್ಲಿಲ್ಲ. ಹೋಗುವಾಗ ಆದ್ರೂ ಎಂತ ಹೇಳ್ತಾರೆ ಅಂತ ಗೊತ್ತಾಗ್ಬೇಕಲ್ಲ."

"ಆಯ್ತು," ಎಂದರು ಭಾವನವರು. ಮೂರನೆಯ ದಿನ ಅವನು ಇಲ್ಲವಾದ.

ಪರದೇಶದಲ್ಲಿ ಸಾವಿಗೂ ಕಾಗದ ಬೇಕು. ಪೊಲೀಸರದೊಂದು, ರಾಯಭಾರ ಕಚೇರಿಯದೊಂದು, ಕೆಲಸಕ್ಕೆ ಕರೆಸಿಕೊಂಡ ಕಫೀಲನ ಸಹಿಯದೊಂದು. ಒಂಬತ್ತು ದಿನ ಬೆಂಜಮಿನ್ ಶವಾಗಾರದಲ್ಲಿದ್ದ. ಎರಡನೆಯ ದಿನವೇ ಭಾವನವರು ಅಲ್ಲಿಯ ಕಾವಲುಗಾರನಿಗೆ, ಬಾಗಿಲಿನ ರಬ್ಬರು ಸಡಿಲವಾಗಿ ತಂಪು ಸೋರುತ್ತಿದೆಯೆಂದು ತೋರಿಸಿದರು. "ಖಲಾಸ್ ಬಾಬಾ, ಜಾವೋ," ಎಂದು ಅಟ್ಟಿದನಂತೆ ಅವನು. ಮರುದಿನ ಇವರೇ ರಬ್ಬರಿನ ಪಟ್ಟಿ ಕೊಂಡೊಯ್ದು, ಮೊಣಕಾಲೂರಿ, ಅಂಟು ಹಚ್ಚಿ ಕೂರಿಸಿದರು. ಒಳಗೆ ಗೆಳೆಯ, ಹೊರಗೆ ಇವರು. ಇಂಥವರನ್ನು ವಿಲಕ್ಷಣ ವ್ಯಕ್ತಿಯೆಂದು ನಾವು ಮನೆಯವರೆಲ್ಲ ನಕ್ಕಿದ್ದೇವೆ.

ಇತ್ತ ಕನ್ನಡದಲ್ಲಿ ಪ್ರಾರ್ಥಿಸುವವರ ಹುಡುಕಾಟ. ಬೆಂಜಮಿನ್‌ನ ಪಂಗಡದ ಕನ್ನಡಿಗರಲ್ಲಿ ಒಬ್ಬರು ದೂರದ ಸಲಾಲಾದಲ್ಲಿ, ಇಬ್ಬರು ರಜೆಯ ಮೇಲೆ ಊರಲ್ಲಿ. ನಾಲ್ಕನೆಯವರ ಮಗಳು ಫೋನೆತ್ತಿ, "ಡ್ಯಾಡ್ ಕಾಂಟ್ ರೀಡ್ ಕನ್ನಡ, ಅಂಕಲ್," ಎಂದಳು. ಕಡೆಗೆ ತಮಿಳು ಪಾದ್ರಿಗಳೇ ಉದಾರವಾಗಿ, "ವಿಧಿ ನಾನು ನಡೆಸುತ್ತೇನೆ. ಕನ್ನಡ ಪ್ರಾರ್ಥನೆಯನ್ನು ನಿಮ್ಮಲ್ಲಿ ಯಾರಾದರೂ ಓದಿ," ಎಂದರು. ತಮಿಳರ ಆರಾಧನೆ ಮುಗಿದು ಉರ್ದುವಿನವರದು ಆರಂಭವಾಗುವ ನಡುವೆ ಅರ್ಧ ಗಂಟೆ ನಮಗೆ ಸಿಕ್ಕಿತು.

ಓದುವ ಭಾರ ಸಹಜವಾಗಿ ನನ್ನ ಮೇಲೆ ಬಂತು. ಬೆಂಜಮಿನ್‌ನ ಪುಸ್ತಕವನ್ನು ದೇವರ ಕೋಣೆಯಲ್ಲಿಟ್ಟು, ಸ್ನಾನ ಮಾಡಿ, ಸ್ವರಶುದ್ಧಿಯಿಂದ ಅಭ್ಯಾಸ ಮಾಡಿದೆ. ಶುಕ್ರವಾರ ಬೆಳಗ್ಗೆ ವಾಹನದಲ್ಲಿ ಭಾವನವರಿಗೆ ಓದಿ ತೋರಿಸಿದೆ. ಅವರು ವಾಹನದ ವೇಗ ತಗ್ಗಿಸಿದರು.

"ಭಾವ, ಬೇಜಾರು ಮಾಡ್ಕೊಳ್ಬೇಡಿ. ನೀವು ಓದುದು ಚಂದ ಉಂಟು. ಆದ್ರೆ ಅವನಿಗೆ ಶಾಲೆ ಅಂದ್ರೆ ಹೆದರಿಕೆ. ನಾನೇ ಓದ್ತೇನೆ."

ನನ್ನ ನಲವತ್ತು ವರ್ಷಗಳ ಪಾಂಡಿತ್ಯಕ್ಕೆ ಇಷ್ಟು ನೇರವಾದ ವಿಮರ್ಶೆ ಅದುವರೆಗೆ ಬಂದಿರಲಿಲ್ಲ. ಪುಸ್ತಕ ಕೊಟ್ಟೆ.

ಪೆಟ್ಟಿಗೆಯ ಸುತ್ತ ನಾವು ಹನ್ನೊಂದು ಜನ. ಬಾಗಿಲ ಹೊರಗೆ ಉರ್ದುವಿನವರು ಚಪ್ಪಲಿಯ ಸದ್ದು ಅಡಗಿಸಿಕೊಂಡು ಕಾಯುತ್ತಿದ್ದರು. ಭಾವನವರು ಎದ್ದುನಿಂತು ಕೆಲಸದ ಪಟ್ಟಿ ಓದುವ ಧಾಟಿಯಲ್ಲೇ ಓದತೊಡಗಿದರು, ಅಲ್ಪವಿರಾಮವಿಲ್ಲ, ಏರಿಳಿತವಿಲ್ಲ. ಒಂದು ಕಡೆ ಮುದ್ರಣದಲ್ಲಿ ಜಾಗ ಖಾಲಿ ಬಿಟ್ಟಿತ್ತು, ತೀರಿಕೊಂಡವರ ಹೆಸರು ಹೇಳುವುದಕ್ಕೆಂದು. "ಬೆಂಜಮಿನ್," ಎಂದು ಓದಿ ನಿಂತರು. ಮುಂದಿನ ಸಾಲಿಗೆ ಹೋಗಲಿಲ್ಲ. ಪಾದ್ರಿಗಳು ತಲೆಯೆತ್ತಿದರು.

"ಭಾವ," ಎಂದು ಎಲ್ಲರ ಎದುರೇ ನನ್ನತ್ತ ತಿರುಗಿದರು, "ಇಷ್ಟೇ ಸಾಕಾ? ನಮ್ಮಲ್ಲಾದ್ರೆ ಸಂಕಲ್ಪದಲ್ಲಿ ಗೋತ್ರ, ನಕ್ಷತ್ರ ಎಲ್ಲ ಹೇಳ್ತಾರೆ. ಬರೀ ಹೆಸರು ಹೇಳಿದ್ರೆ ಅಲ್ಲಿ ಗುರುತು ಸಿಗ್ತದಾ?"

ಅವರು ಪುಸ್ತಕ ಮುಚ್ಚಿದರು.

"ಬೆಂಜಮಿನ್. ಮೂಲ್ಕಿಯವನು. ಪೈಪ್ ಕೆಲಸ, ಅವನು ಹಾಕಿದ ಜಾಯಿಂಟ್ ಸೋರುದಿಲ್ಲ. ಗಂಜಿಗೆ ಉಪ್ಪು ಜಾಸ್ತಿ ಹಾಕ್ತಾನೆ, ಹೇಳಿದ್ರೆ ಕೇಳುದಿಲ್ಲ. ಎಡಗಾಲಿನ ಗಂಟು ನೋವುಂಟು ಅವನಿಗೆ. ಅಲ್ಲಿ ಮೆಟ್ಟಿಲಿದ್ರೆ, ಯಾರಾದ್ರೂ ಸ್ವಲ್ಪ ಕೈ ಹಿಡ್ಕೊಳ್ಳಿ."