ಮೊದಲು ಕೆಣಕಿದ್ದು ಯಾರು?

ಜಗಳದಲ್ಲಿ ಹೊಡೆದವನಿಗಿಂತ ಹೊಡೆಸಿಕೊಂಡವನನ್ನೇ ಹೆಚ್ಚು ಪ್ರಶ್ನೆ ಕೇಳುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬರಿದ್ದರು. ಅಕ್ಕನ ಗಂಡ, ನಮ್ಮ ಭಾವ! ಐವತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದಲ್ಲಿ ವಕೀಲರು. ಸಿಟ್ಟಿನಲ್ಲಿ ಕೈಮಾಡಿ ಜೈಲು ಸೇರಿದವರ ಅಪೀಲೆಂದರೆ ಅವರಿಗೆ ಒಬ್ಬಟ್ಟಿನ ಊಟ. ಶಿಕ್ಷೆ ಇಳಿಸಲು ಅವರು ಹುಡುಕುತ್ತಿದ್ದದ್ದು ಒಂದನ್ನೇ: ಮೊದಲು ಕೆಣಕಿದ್ದು ಯಾರು?

ಈ ನ್ಯಾಯ ಮನೆಯಲ್ಲೂ ನಡೆಯುತ್ತಿತ್ತು! ಒಮ್ಮೆ ಅಕ್ಕ ಸೌಟು ಬೀಸಿದ್ದಕ್ಕೆ ಅವರ ಹಣೆ ಊದಿತು. ನಾನು ಹೌಹಾರಿದೆ.

"ಸುಮ್ನಿರಪ್ಪ, ಸಾರು ಸಪ್ಪೆ ಅಂತ ಐದು ಸಲ ಅಂದಿದ್ದೀನಿ. ಅವಳು ಹೊಡೆದಿದ್ದು ಒಂದೇ ಸಲ. ಪಾಪ, ಬಿಟ್ಬಿಡು" ಎಂದರು ಭಾವ.

"ಇನ್ನೊಂದ್ಸಲ ಅನ್ನಿ, ನೋಡಣ!" ಎಂದಳು ಅಕ್ಕ.

ಜಂಗಮಕೋಟೆ ಕಡೆಯ ರೈತನೊಬ್ಬ ಪಕ್ಕದ ಮನೆಯವನ ಕೈ ಮುರಿದಿದ್ದ. ಎರಡು ವರ್ಷ ಶಿಕ್ಷೆಯಾಗಿ, ಅಪೀಲು ಭಾವನ ಕೈಗೆ ಬಂದಿತ್ತು. ಮನೆಯಲ್ಲಿ ಬಸುರಿ ಹೆಂಡತಿ ಒಬ್ಬಳೇ. ಆದದ್ದಿಷ್ಟು: ಇವನ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಅಂದರೆ ಸೊಪ್ಪು ಬಿಟ್ಟು ಪೊರೆ ಕಳಚುವ ನಾಜೂಕಿನ ಹೊತ್ತು. ಆಗ ಪಕ್ಕದವನು ಬೀಡಿ ಸೇದುತ್ತಾ ಹುಳುಮನೆಗೆ ನುಗ್ಗಿದ. ಬೇಡವೆಂದು ಕೈಮುಗಿದರೂ ನಗುತ್ತಾ ಹುಳುವಿನ ತಟ್ಟೆಯ ಮೇಲೆಯೇ ಹೊಗೆ ಬಿಟ್ಟ.

ನಾನಾಗ ಶಿಡ್ಲಘಟ್ಟದಲ್ಲಿ ಮೇಷ್ಟ್ರು. ರಜೆ ಹಾಕಿ ಭಾವನ ವಾದ ಕೇಳಲು ಹೋಗಿದ್ದೆ.

"ಹುಳುವಿಗೋಸ್ಕರ ಮನುಷ್ಯನ ಕೈ ಮುರಿಯೋದೇನ್ರೀ?" ಎಂದರು ಜಡ್ಜರು.

"ಸ್ವಾಮಿ, ಹುಳುಮನೆ ಅಂದ್ರೆ ಬಾಣಂತಿ ಕೋಣೆ ಇದ್ದಂಗೆ. ಘಾಟು ತಗಲುತ್ತೆ ಅಂತ ಹುಳು ಬಂದಾಗಿನಿಂದ ಆ ಮನೇಲಿ ಒಗ್ಗರಣೇನೇ ಹಾಕಿಲ್ಲ! ತಾವೂ ಮೂರು ದಿನ ಒಗ್ಗರಣೆ ಇಲ್ಲದ ಸಾರು ಉಂಡು ನೋಡಿ. ಆಮೇಲೆ ಯಾರಾದ್ರೂ ಬಂದು ಹೊಗೆ ಬಿಡ್ಲಿ!"

ಜಡ್ಜರು ನಕ್ಕೇಬಿಟ್ಟರು. ತಪ್ಪು ತಪ್ಪೇ ಎಂದರು. ಆದರೆ ಕೆಣಕಿದ್ದನ್ನು ಗಮನಿಸಿ, ಅವನು ಆಗಲೇ ಜೈಲಿನಲ್ಲಿ ಕಳೆದಿದ್ದ ಆರು ತಿಂಗಳಿಗೇ ಶಿಕ್ಷೆ ಇಳಿಸಿದರು.

ಹೊರಗೆ ಬಂದವನೇ ರೈತ ಭಾವನ ಕಾಲಿಗೆ ಬಿದ್ದ.

"ನನ್ ಕಾಲಿಗ್ಯಾಕಪ್ಪ ಬೀಳ್ತೀಯ? ನಿನ್ ಸಿಟ್ಟಿಗೆ ಕಾರಣ ಇತ್ತು, ಹೇಳ್ದೆ. ಆ ಮುರಿದ ಕೈಗೆ ನೀನೇನ್ ಹೇಳ್ತೀಯ? ನಡಿ, ನಾನೂ ಬರ್ತೀನಿ."

ಮೂವರೂ ಅವನ ಊರಿನ ಬಸ್ಸು ಹತ್ತಿದೆವು. ಪಕ್ಕದ ಮನೆಯವನು ಜಗಲಿಯಲ್ಲಿ ಕೂತು ಒಂದೇ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಹೆಣಗುತ್ತಿದ್ದ. ಇನ್ನೊಂದು ಕೈ ಮಡಿಚುತ್ತಿರಲಿಲ್ಲ. ನಮ್ಮ ರೈತ ಮೆಲ್ಲಗೆ ಎದುರು ಕೂತು, ಕತ್ತಿಗೆ ಕೈಚಾಚಿದ. ಆತ ಮುಖ ನೋಡಿದ, ಬಹಳ ಹೊತ್ತು ನೋಡಿ ಕೊಟ್ಟ. ಇವನು ತಲೆ ತಗ್ಗಿಸಿ ಸೊಪ್ಪು ಹೆಚ್ಚತೊಡಗಿದ.

"ಇನ್ನೂ ಸಣ್ಣಕ್ ಹೆಚ್ಚು ಕಣೋ, ಮರಿಹುಳ ಅವು" ಎಂದ ಆತ.

ಭಾವ ಅತ್ತ ತಿರುಗಿ ಕರಿ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಇಂಥವರು ನಮ್ಮ ಮನೆಯವರು ಎಂದು ನನಗೆಷ್ಟು ಹೆಮ್ಮೆಯಾಯಿತೆಂದರೆ, ನನ್ನ ಕಣ್ಣೂ ತುಂಬಿಬಂತು.